ಗಾಳ ಹಾಕುವವರ ಋಣ

ಗಾಳ ಹಾಕುವುದು ಕೆಲಸವಿಲ್ಲದವರ ಕೆಲಸ ಎಂಬ ಮಾತು ನಮ್ಮ ಕಡೆ ಹಳೆಯದು. ರವಿವಾರ ನಸುಕಿನಲ್ಲಿ ಬಿದಿರು ಕೋಲು ಹಿಡಿದು ಕಾಲುವೆಯ ದಾರಿಗೆ ಇಳಿದವರನ್ನು ಕಂಡರೆ ಹೋಟೆಲಿನ ಮುಂದೆ ಕುಳಿತವರು ನಗುತ್ತಾರೆ. ನಗಲಿ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸುತ್ತಿನ ನಾವು ಏಳೆಂಟು ಮಂದಿ, ಮಾಸ್ತರರು, ಟೇಲರ್, ಗ್ಯಾರೇಜಿನವರು, ಕಿರಾಣಿ ಅಂಗಡಿಯವರು, ಎಷ್ಟೋ ವರ್ಷಗಳಿಂದ ಈ ನಗೆಯನ್ನು ಕೇಳಿಸಿಕೊಂಡೇ ನೀರಿನ ದಂಡೆಗೆ ಹೋಗುತ್ತಿದ್ದೇವೆ. ಅಲ್ಲಿ ಕುಳಿತು ಕಂಡದ್ದನ್ನು ನಗುವವರಿಗೂ ಹೇಳಬೇಕೆನಿಸಿದೆ.

ಗಾಳದ ಬಗ್ಗೆ ಬರೆಯುವವರು ಹೆಚ್ಚಾಗಿ ಟ್ರೌಟ್ ಮೀನಿನ ಬಗ್ಗೆ ಬರೆಯುತ್ತಾರೆ. ಹಕ್ಕಿಯ ಗರಿ, ದಾರಗಳಿಂದ ನೊಣದಂಥ ಹುಸಿ ಹುಳ ಕಟ್ಟಿ, ಅದನ್ನು ನೀರ ಮೇಲೆ ಹಗುರಾಗಿ ಇಳಿಸಿ ಹಿಡಿಯುವ ಮೀನದು. ಬ್ರಿಟಿಷರು ಕಾಶ್ಮೀರದ ತೊರೆಗಳಿಗೂ ನೀಲಗಿರಿಯ ನೀರಿಗೂ ಅದನ್ನು ತಂದು ಬಿಟ್ಟರು. ತಣ್ಣೀರಿನ ಜೀವ, ನಮ್ಮ ಮೇ ತಿಂಗಳ ಬಿಸಿಲಿಗೆ ಬದುಕದು. ನಮ್ಮ ಪಾಲಿಗೆ ಇರುವುದು ಕೊರವ, ಬಾಳೆಮೀನು, ರೋಹು, ಕಾಟ್ಲಾ. ನಮ್ಮ ಬೆಂಡು ಜೋಳದ ದಂಟಿನದು, ಗಾಳಕ್ಕೆ ಚುಚ್ಚುವುದು ಎರೆಹುಳ ಇಲ್ಲವೇ ಹಿಟ್ಟಿನ ಉಂಡೆ. ಆದರೂ ಅಲ್ಲಿಯವರಿಗೂ ನಮಗೂ ಒಂದು ಮಾತು ಸಮ. ನೀರು ಕೆಟ್ಟರೆ ಅದು ಮೊದಲು ತಿಳಿಯುವುದು ಗಾಳ ಹಾಕುವವರಿಗೆ. ನಮಗೆ ಗಾಳ ಕಟ್ಟಲು ಕಲಿಸಿದ ಕಾಕಾ ಹೇಳುತ್ತಿದ್ದರು: "ಮೊದ್ಲ ನೀರು ಮೂಸಿ ನೋಡ್ರಪ್ಪಾ, ಆಮ್ಯಾಲ ಗಾಳ ಬಿಡ್ರಿ."

1953ರಲ್ಲಿ ತುಂಗಭದ್ರಾ ಜಲಾಶಯ ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಈ ಸೀಮೆಯ ಬದುಕೇ ಬದಲಾಯಿತು. ಜೋಳ, ಶೇಂಗಾ, ಹತ್ತಿಯ ಹೊಲಗಳೆಷ್ಟೋ ಭತ್ತದ ಗದ್ದೆಗಳಾದವು. ಸಿಂಧನೂರಿನ ಅಕ್ಕಿ ಹೆಸರು ಮಾಡಿತು. ಅದೇ ನೀರು ನಮ್ಮ ಕುಡಿಯುವ ನೀರಿನ ಕೆರೆಗಳನ್ನೂ ತುಂಬುತ್ತದೆ. ಹಾಗಾಗಿ 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿ ಹೋದಾಗ ಊರಿಗೆ ಊರೇ ನಿದ್ದೆಗೆಟ್ಟಿತು. ಚಹಾದ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಟಿಎಂಸಿ ಲೆಕ್ಕ. ನೀರು ಎಷ್ಟಿದೆ ಎಂದು ಕೇಳುವವರು ನಾವೆಲ್ಲರೂ. ಅದು ಹೇಗಿದೆ ಎಂದು ಕೇಳುವವರು ಎಷ್ಟು ಮಂದಿ?

ಭತ್ತಕ್ಕೆ ಔಷಧಿ ಹೊಡೆದ ಮೇಲೆ ಸ್ಪ್ರೇ ಪಂಪನ್ನು ಉಪಕಾಲುವೆಯಲ್ಲಿ ಅದ್ದಿ ತೊಳೆಯುವುದು ನಮ್ಮಲ್ಲಿ ದಿನದ ನೋಟ. ಸೈಪರ್‌ಮೆಥ್ರಿನ್‌ನಂಥ ಕೀಟನಾಶಕಗಳು ಮೀನಿಗೆ ತೀರಾ ಸಣ್ಣ ಪ್ರಮಾಣದಲ್ಲೇ ಮಾರಕ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ಇನ್ನೊಂದು ಕಾಟ. ಅಲ್ಲಲ್ಲಿ ನಿಂತ ಗುಂಡಿ ನೀರಿಗೆ ಬ್ಲೀಚಿಂಗ್ ಪುಡಿ ಸುರಿದು, ಇಲ್ಲವೇ ತಂತಿಯಿಂದ ಕರೆಂಟು ಬಿಟ್ಟು ಮೀನು ಬಾಚುತ್ತಾರೆ. ದೊಡ್ಡದರೊಂದಿಗೆ ಮರಿಯೂ ಕಪ್ಪೆಯೂ ಸಾಯುತ್ತವೆ. ಕರೆಂಟಿನಲ್ಲಿ ಹಿಡಿಯಲು ಹೋದವರ ಜೀವಕ್ಕೂ ಅಪಾಯ.

ಕೆಲವು ವರ್ಷಗಳ ಹಿಂದೆ ಒಂದು ಉಪಕಾಲುವೆಯಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದುದನ್ನು ಕಂಡೆವು. ಕೆಳಗಿನ ಊರಿನ ಮಕ್ಕಳು ಖುಷಿಯಿಂದ ಬುಟ್ಟಿ ತುಂಬಿಕೊಳ್ಳುತ್ತಿದ್ದರು. ಒಯ್ಯಬೇಡಿ ಎಂದು ತಡೆದು ಬುಟ್ಟಿ ಖಾಲಿ ಮಾಡಿಸಿದೆವು; ಮಕ್ಕಳು ಅತ್ತರು. ಅಷ್ಟರಲ್ಲಿ ಕೊಡ ಹಿಡಿದು ಬಂದ ತಾಯಿಯೊಬ್ಬರು ಕೇಳಿದರು: "ಮೀನ ತಿನ್ನಬ್ಯಾಡ ಅಂತೀರಿ, ಛಲೋ ಆತು. ಈ ನೀರು ಕುಡೀಬೇಕೋ ಬ್ಯಾಡೋ, ಅದನ್ನೂ ಹೇಳ್ರಿ." ನಮ್ಮಲ್ಲಿ ಯಾರೂ ಬಾಯಿ ಬಿಡಲಿಲ್ಲ. ಅವರು ಸ್ವಲ್ಪ ಹೊತ್ತು ನಿಂತು, ಬೇರೆ ದಾರಿಯಿಲ್ಲದೆ ಕೊಡ ತುಂಬಿಕೊಂಡು ಹೋದರು. ಗಾಳ ನಮಗೆ ಹವ್ಯಾಸ. ಆ ತಾಯಿಗೆ ಅದೇ ನೀರು ಸಂಸಾರ.

ಹಾಗಾದರೆ ಏಳೆಂಟು ಮಂದಿಯಿಂದ ಏನಾದೀತು? ಕಾವೇರಿಯ ಕಥೆ ನಮಗೆ ಧೈರ್ಯ ಕೊಟ್ಟಿತು. ಗಾಲಿಬೋರೆಯ ಕ್ಯಾಂಪಿನಲ್ಲಿ ಗಾಳ ಹಾಕುತ್ತಿದ್ದವರು ಹಿಡಿದ ಮಹಶೀರ್ ಮೀನನ್ನು ಮತ್ತೆ ಹೊಳೆಗೇ ಬಿಟ್ಟು, ಅದರ ಲೆಕ್ಕ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತ, ಕಾವೇರಿಯದೇ ಆದ ಗೂನು ಬೆನ್ನಿನ ಮಹಶೀರ್ ಕುಸಿಯುತ್ತ ಬಂದದ್ದು ಬಯಲಾಯಿತು. 2018ರಲ್ಲಿ ಆ ಗೂನು ಬೆನ್ನಿನ ಮೀನು ಅಳಿವಿನ ಅಂಚಿನ ಜೀವಿಗಳ ಪಟ್ಟಿ ಸೇರಿತು. ಹವ್ಯಾಸಿಗಳ ಹಾಳೆಗಳು ಹೊಳೆಯ ಪರವಾಗಿ ಸಾಕ್ಷಿ ನುಡಿದವು.

ನಮ್ಮ ಮಸ್ಕಿಗೂ ಇಂಥದೊಂದು ನಂಟಿದೆ. 1915ರಲ್ಲಿ ಇಲ್ಲಿ ಸಿಕ್ಕ ಬಂಡೆಗಲ್ಲಿನ ಶಾಸನದಲ್ಲಿ ಅಶೋಕನ ಹೆಸರು ನೇರವಾಗಿ ಇದ್ದುದರಿಂದ, 'ದೇವಾನಾಂಪ್ರಿಯ' ಯಾರೆಂಬ ಪ್ರಶ್ನೆ ಇತ್ಯರ್ಥವಾಯಿತು. ಅದೇ ಅರಸ ಉತ್ತರದ ತನ್ನ ಸ್ತಂಭಗಳ ಐದನೆಯ ಶಾಸನದಲ್ಲಿ, ಗೊತ್ತುಪಡಿಸಿದ ಹುಣ್ಣಿಮೆ ಮತ್ತು ಉಪವಾಸದ ದಿನಗಳಲ್ಲಿ ಮೀನನ್ನು ಕೊಲ್ಲಲೂ ಕೂಡದು, ಮಾರಲೂ ಕೂಡದು ಎಂದು ಆಜ್ಞೆ ಮಾಡಿದ. ಬ್ರಿಟಿಷ್ ಸರಕಾರ 1897ರ ಕಾಯ್ದೆಯಲ್ಲಿ ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು ಅಪರಾಧವೆಂದಿತು. ಎರಡು ಸಾವಿರ ವರ್ಷಗಳಿಂದ ಹೇಳುತ್ತಿದ್ದರೂ ಬ್ಲೀಚಿಂಗ್ ಪುಡಿಯ ಡಬ್ಬಿ ಕಾಲುವೆಗೆ ಬರುತ್ತಲೇ ಇದೆ. ಆಜ್ಞೆ ಇದ್ದರೆ ಸಾಲದು, ದಂಡೆಯ ಮೇಲೆ ನೋಡುವ ಕಣ್ಣೂ ಬೇಕು.

ಆ ಕೊಡದ ಪ್ರಶ್ನೆಯ ನಂತರ ನಾವು ಒಂದು ನೋಟ್‌ಬುಕ್ ಇಟ್ಟೆವು. ಎಲ್ಲಿ ಕುಳಿತೆವು, ಯಾವ ಮೀನು ಬಂತು, ನೀರಿನ ಬಣ್ಣ, ವಾಸನೆ, ಸತ್ತ ಮೀನು ಕಂಡ ದಿನ, ಎಲ್ಲವೂ ಅದರಲ್ಲಿದೆ. ಮಸ್ಕಿ ಹಳ್ಳದ ಮಡುಗಳಲ್ಲಿ ಕೊರವ ಅಪರೂಪವಾಗಿ ಜಿಲೇಬಿ ಮೀನೇ ಗಾಳಕ್ಕೆ ಬೀಳುತ್ತಿರುವುದು ಅದರ ಪುಟಗಳಲ್ಲಿ ಕಾಣುತ್ತದೆ. ಮರಿಗಳನ್ನು ಬಿಡುತ್ತೇವೆ. ಮುಂಗಾರಿನ ಹೊಸ ನೀರಿಗೆ ಮೊಟ್ಟೆ ಹೊತ್ತು ಏರಿ ಬರುವ ಮೀನನ್ನು ಮುಟ್ಟುವುದಿಲ್ಲ. ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುವ ನೈಲಾನ್ ದಾರದ ತುಂಡನ್ನು ಜೇಬಿಗೆ ಹಾಕಿಕೊಂಡು ಬರುತ್ತೇವೆ. ಪಂಪ್ ತೊಳೆಯುವ ರೈತರ ಬಳಿ ಕುಳಿತು, ತೊಳೆದ ನೀರನ್ನು ಕಾಲುವೆಗೆ ಬಿಡದೆ ಹೊಡೆದ ಹೊಲಕ್ಕೇ ಚೆಲ್ಲಿರಿ ಎಂದು ಕೇಳಿಕೊಳ್ಳುತ್ತೇವೆ. ಕೆಲವರು ಬೈದರು. "ನಮ್ಮ ಮನ್ಯಾಗೂ ಇದೇ ನೀರಲ್ಲೇನ್ರಿ" ಎಂದು ಪಂಪನ್ನು ಎತ್ತಿಕೊಂಡು ಹೊಲಕ್ಕೆ ನಡೆದವರೂ ಇದ್ದಾರೆ.

ಇದರಿಂದ ಕಾಲುವೆ ತಿಳಿಯಾಗಿಬಿಟ್ಟಿತು ಎಂದು ನಾವು ಹೇಳುವುದಿಲ್ಲ. ಆದರೆ ಜಲದುರ್ಗದ ಬುಡದ ಕೃಷ್ಣೆಯಿರಲಿ, ನಿಮ್ಮೂರ ಕೆರೆಯಿರಲಿ, ಅಲ್ಲಿ ಗಾಳ ಹಿಡಿದು ಕುಳಿತ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರನ್ನು ಕಂಡರೆ ನಗುವ ಮುನ್ನ ಒಮ್ಮೆ ಹತ್ತಿರ ಹೋಗಿ ಕೇಳಿ: ಇವತ್ತು ನೀರು ಹೇಗಿದೆ?