ಅನಾಮಿಕೆಯ ರೆಕ್ಕೆ

ಮಾನ್ವಿ, ದೇವದುರ್ಗಗಳ ಹಳೆಯ ಮರಗಳಲ್ಲಿ ಹಗಲೆಲ್ಲ ತಲೆಕೆಳಗಾಗಿ ಜೋತುಬಿದ್ದಿರುವ ಬಾವಲಿಯನ್ನು ಕಾಣದ ಬಾಲಕರು ವಿರಳ. ಅದರ ರೆಕ್ಕೆಯನ್ನು ಹಿಡಿದು ನಿಲ್ಲಿಸುವವು ಕೊಡೆಯ ಕಡ್ಡಿಗಳಂತೆ ಚಾಚಿದ ನಾಲ್ಕು ಬೆರಳುಗಳು. ಇದನ್ನು ಬಲ್ಲವರಿಗೆ ಟೆರೊಸಾರ್ ಎಂಬ ಪುರಾತನ ಹಾರುವ ಸರೀಸೃಪದ ವೈಚಿತ್ರ್ಯ ಬೇಗನೆ ತಿಳಿದೀತು. ಅದರ ಕೈಯ ಮೊದಲ ಮೂರು ಬೆರಳುಗಳು ಗಿಡ್ಡ. ನಾಲ್ಕನೆಯದೊಂದೇ ದೇಹಕ್ಕೆ ಮೀರಿ ನೀಳವಾಗಿ ಬೆಳೆದು, ಹಿಂಗಾಲಿನವರೆಗೆ ಹರಡಿದ ಚರ್ಮದ ರೆಕ್ಕೆಯನ್ನು ಹೊರುತ್ತಿತ್ತು. ಮನುಷ್ಯನ ಕೈಯಲ್ಲಿ ಆ ಬೆರಳಿಗೆ ಅನಾಮಿಕೆ ಎನ್ನುವರು. ಹೆಸರಿಲ್ಲದ ಬೆರಳೇ ಅಲ್ಲಿ ಹೆಸರನ್ನು ತಂದಿತು!

1784ರಲ್ಲಿ ಬವೇರಿಯದ ಸುಣ್ಣಕಲ್ಲಿನಲ್ಲಿ ದೊರೆತ ಅಸ್ಥಿಪಂಜರವನ್ನು ವರ್ಣಿಸಿದ ಕೊಲಿನಿಯು ಅದನ್ನು ಜಲಚರವೆಂದು ಊಹಿಸಿದನು. 1801ರಲ್ಲಿ ಫ್ರಾನ್ಸಿನ ಕುವಿಯೇ ಅದು ಹಾರುವ ಸರೀಸೃಪವೆಂದು ಗುರುತಿಸಿದನು. ಬಳಿಕ ಅವನಿತ್ತ ಟೆರೊಡ್ಯಾಕ್ಟಿಲ್ ಎಂಬ ಗ್ರೀಕ್ ಮೂಲದ ಹೆಸರು ನಮ್ಮ ವ್ಯಾಕರಣಕ್ಕೆ ಶುದ್ಧ ಬಹುವ್ರೀಹಿ: ಯಾವುದರ ಬೆರಳು ರೆಕ್ಕೆಯೋ ಅದು. ಪೇಟೆಯ ಆಟಿಕೆಗಳ ಮೇಲೆ ಇದನ್ನು ಡೈನೋಸಾರ್ ಎಂದು ಅಚ್ಚುಹಾಕುವುದು ಮಾತ್ರ ಸಲ್ಲದು. ಇವು ಡೈನೋಸಾರುಗಳ ದಾಯಾದಿಗಳು. ಹಕ್ಕಿಗಳೂ ಅಲ್ಲ, ಬಾವಲಿಯ ಪೂರ್ವಜರೂ ಅಲ್ಲ.

ಬೆನ್ನೆಲುಬುಳ್ಳ ಜೀವಿಗಳಲ್ಲಿ ರೆಕ್ಕೆ ಬಡಿದು ಹಾರಿದ ಮೊದಲಿಗರು ಇವರೇ. ಎಲುಬು ಬಿದಿರಿನ ಕೊಳಲಿನಂತೆ ಟೊಳ್ಳು. ಮೈಮೇಲೆ ಕೂದಲಿನಂಥ ನವಿರು. ನೆಲಕ್ಕಿಳಿದಾಗ ರೆಕ್ಕೆ ಮಡಿಚಿ ನಾಲ್ಕು ಕಾಲಿನಲ್ಲಿ ನಡೆಯುತ್ತಿದ್ದವೆಂಬುದಕ್ಕೆ ಕಲ್ಲಾದ ಹೆಜ್ಜೆಗುರುತುಗಳೇ ಸಾಕ್ಷಿ. ಕೆಲವು ಮೀನು ಹಿಡಿದರೆ, ಅರ್ಜೆಂಟೀನಾದ ಒಂದು ಬಗೆ ಸುಮಾರು 1000 ಎಳೆಹಲ್ಲುಗಳ ಜರಡಿಯಿಂದ ನೀರು ಸೋಸಿ ಉಣ್ಣುತ್ತಿತ್ತು. ಚೀನಾದ ಹಾಮಿಯಲ್ಲಿ ಒಂದೆಡೆಯೇ ಇನ್ನೂರಕ್ಕೂ ಮಿಕ್ಕಿ ಮೊಟ್ಟೆಗಳು ದೊರೆತುವೆಂದು 2017ರಲ್ಲಿ ಪ್ರಕಟವಾಯಿತು. ಅವುಗಳ ಚಿಪ್ಪು ಹಾವಿನ ಮೊಟ್ಟೆಯಂತೆ ಮೆತ್ತನೆಯದು. 1971ರಲ್ಲಿ ಟೆಕ್ಸಾಸಿನಲ್ಲಿ ಸಿಕ್ಕ ದೈತ್ಯನ ರೆಕ್ಕೆಗಳಗಲ ಸುಮಾರು 10 ಮೀಟರು. ನಮ್ಮ ತರಗತಿಯ ಕೋಣೆ ಅದಕ್ಕೆ ಸಾಲದು.

ಇಂಥದೊಂದು ರಾಯಚೂರಿನ ಮೇಲೆಯೂ ಹಾರಿತ್ತೇ ಎಂದು ಮಕ್ಕಳು ಕೇಳಿದರೆ, ಕೋಟೆಯ ಬೆಟ್ಟವನ್ನು ತೋರಿಸಿ ಉತ್ತರಿಸಬೇಕು. ಈ ಸೀಮೆಯ ಬಂಡೆ ಸುಮಾರು 250 ಕೋಟಿ ವರ್ಷ ಹಳೆಯದು; ಭೂಗರ್ಭದಲ್ಲಿ ಕರಗಿ ಗಟ್ಟಿಯಾದದ್ದು. ಟೆರೊಸಾರುಗಳೋ ಕೇವಲ 22 ಕೋಟಿ ವರ್ಷಗಳ ಹಿಂದೆ ಕಾಣಿಸಿ, 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಅಳಿದವು. ಹಾರಿದ್ದರೂ ಎಲುಬನ್ನು ಕಾಪಿಡುವ ಕೆಸರಿನ ಪದರ ಇಲ್ಲಿ ಉಳಿದಿಲ್ಲ. ಅಂಥ ಪದರವಿರುವುದು ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ. ಅಲ್ಲಿಯ ಕೋಟಾ ಶಿಲಾಸ್ತರದ ದವಡೆಯ ಚೂರೊಂದನ್ನು 1974ರಲ್ಲಿ ಸೋಹನ್ ಲಾಲ್ ಜೈನ್ ಅವರು ಟೆರೊಸಾರಿನದೆಂದು ಹೆಸರಿಸಿದರು. ಅದು ಮೀನಿನದೇ ಇರಬೇಕೆಂದು ತರುವಾಯದ ವಿದ್ವಾಂಸರು ವಾದಿಸಿದ್ದಾರೆ.