ಅಟ್ಟದ ಕಾಯಿ, ಎದೆ ಮೇಲಿನ ಕೂಸು

ಮೊನ್ನೆ ಅಟ್ಟದ ಕಾಯಿ ಇಳಿಸಿದೆ. ಅಲ್ಲಾಡಿಸಿದ್ರೆ ಒಳಗೆ ಗಿಟುಕು ಲೊಡಲೊಡ ಅಂತು. ಇವು ಅಟ್ಟ ಹತ್ತಿದ ವಾರವೇ ಮಗಳು ಹುಟ್ಟಿದ್ದು. ಈಗ ಎರಡಕ್ಕೂ ವರ್ಷ.

ಮಗಳು 2 ತಿಂಗಳು ಮುಂಚೆ ಬಂದ್ಬಿಟ್ಳು. ತೂಕ 1.7 ಕೆಜಿ. 12 ತಿಂಗಳು ಬಲಿಯದ ಕಾಯಿ ಅಟ್ಟಕ್ಕೆ ಹಾಕಿದ್ರೆ ಕೊಬ್ಬರಿ ಸುಕ್ಕಾಗುತ್ತೆ ಅನ್ನೋದು ನಮ್ಮ ಸಂಪಿಗೆ ಕಡೆ ಯಾರಿಗೆ ಗೊತ್ತಿಲ್ಲ? ನನಗೆ ಅದೇ ಭಯ. ಡಾಕ್ಟರು ಹೇಳಿದಂತೆ ಅಂಗಿ ಬಿಚ್ಚಿ, ಎದೆಗೆ ಎದೆ ತಾಗಿಸಿ ಮಲಗಿಸ್ಕೊಂಡು ಶಾಖ ಕೊಟ್ಟೆ. ಅವಳಮ್ಮ ಸ್ವಲ್ಪ ಕಣ್ಣು ಮುಚ್ಚೋಳು.

ಅದೇ ತಿಂಗಳು ಹುಟ್ಟಿದ ಪಕ್ಕದ ಮನೆ ಮಗು ಕೂತಾಗ ನಮ್ಮದು ಇನ್ನೂ ಕವುಚಿಕೊಳ್ತಿತ್ತು. ನೋಡಿದೋರೆಲ್ಲ ಕೇಳೋರು. ನರ್ಸಮ್ಮ ಅಂದ್ರು: "ಹುಟ್ಟಿದ ದಿನದಿಂದ ಎಣಿಸ್ಬೇಡಿ, ಹುಟ್ಟಬೇಕಿದ್ದ ದಿನದಿಂದ ಎಣಿಸಿ." ಆ ಲೆಕ್ಕದಲ್ಲಿ ಈಗ ಅವಳಿಗೆ 10 ತಿಂಗಳು.

ನಿನ್ನೆ ಕೊಬ್ಬರಿ ಚೀಲ ಹಿಡ್ಕೊಂಡು ಎದ್ದು ನಿಂತ್ಲು. ಚೀಲ ತಿಪಟೂರು ಮಾರ್ಕೆಟ್‌ಗೆ ಹೋಗೋದು ಒಂದು ದಿನ ತಡವಾಯ್ತು, ಆಗ್ಲಿ.

ನಿಮ್ಮನೇಲೂ ಇಂಥ ಮಗು ಇದ್ರೆ ಅಂಗನವಾಡೀಲಿ ತೂಕ ಹಾಕಿಸ್ತಾ ಇರಿ, ಪಕ್ಕದ ಮನೆ ಮಗು ಜೊತೆ ಹೋಲಿಸ್ಬೇಡಿ. ಕಿತ್ತ ಮೇಲೆ ಎಳೆಗಾಯಿ ಬಲಿಯಲ್ಲ; ಮಗು ಬಲಿಯುತ್ತೆ.