ಮುಗಿಯಲು ಮೂವತ್ತೆರಡು ವರ್ಷ

ಅಬ್ಬರದ ಸಂಗೀತವನ್ನೂ ಸಾವಧಾನವಾಗಿ ಸವಿಯಬಹುದು. ಸ್ವಿಟ್ಜರ್ಲೆಂಡಿನ ಸೆಲ್ಟಿಕ್ ಫ್ರಾಸ್ಟ್ ತಂಡವನ್ನು ನಾನು ಕೇಳುವುದೇ ಹಾಗೆ. ಒಂದು ಸಲಕ್ಕೆ ಒಂದೇ ಆಲ್ಬಂ, ಮೊದಲಿನಿಂದ ಕೊನೆಯವರೆಗೆ, ನಡುವೆ ಏಳದೆ. ಗಿಟಾರಿನ ಗುಡುಗಿಗೆ ಕಿವಿ ಒಗ್ಗಿದ ಮೇಲೆ ಅದರೊಳಗಿನ ವಿಷಾದ ಮೆಲ್ಲಗೆ ಕೇಳತೊಡಗುತ್ತದೆ. ಎಕ್ಸ್‌ಟ್ರೀಮ್ ಮೆಟಲ್ ಎಂಬ ಈ ಪ್ರಕಾರದಲ್ಲಿ ಇವರಿಗಿಂತ ವೇಗವಾಗಿ ನುಡಿಸುವವರು, ಇವರಿಗಿಂತ ಭೀಕರವಾಗಿ ಕೂಗುವವರು ಎಷ್ಟೋ ಮಂದಿ ಬಂದರು. ಆದರೆ ಹರೆಯದಲ್ಲಿ ಹಿಡಿದ ಒಂದು ಕೆಲಸವನ್ನು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ಪೂರೈಸಿದವರನ್ನು ನಾನು ಬೇರೆ ಕಂಡಿಲ್ಲ.

ಜೂರಿಕ್ ಹತ್ತಿರದ ನ್ಯೂರೆನ್ಸ್‌ಡಾರ್ಫ್ ಇವರ ಊರು. ತಂಡದ ಜೀವಾಳವಾದ ಟಾಮ್ ಗೇಬ್ರಿಯಲ್ ಫಿಷರ್‌ನ ಬಾಲ್ಯ ಸುಖದ್ದಾಗಿರಲಿಲ್ಲ. ಮನೆಯಲ್ಲಿ ಒಂಟಿತನ, ಓರಗೆಯ ಮಕ್ಕಳಿಂದ ಹಿಂಸೆ. ಇದನ್ನು ಅವನೇ ಹೇಳಿಕೊಂಡಿದ್ದಾನೆ. 1980ರ ದಶಕದ ಆರಂಭದಲ್ಲಿ ಅವನು ಗೆಳೆಯರೊಡನೆ ಕಟ್ಟಿದ ಹೆಲ್‌ಹ್ಯಾಮರ್ ತಂಡದ ಒರಟು ನುಡಿಸಾಣಿಕೆಯನ್ನು ಆಗಿನ ಪತ್ರಿಕೆಗಳು ಹೀಗಳೆದವು. ಮುಂದೆ ನಾರ್ವೆಯ ಡಾರ್ಕ್‌ಥ್ರೋನ್‌ನಂಥ ತಂಡಗಳಿಗೆ ಆ ಒರಟುತನವೇ ಪಾಠವಾಯಿತು. 1984ರಲ್ಲಿ ಫಿಷರ್ ಮತ್ತು ಮಾರ್ಟಿನ್ ಎರಿಕ್ ಐನ್ ಹೆಲ್‌ಹ್ಯಾಮರನ್ನು ಕೈಬಿಟ್ಟು ಸೆಲ್ಟಿಕ್ ಫ್ರಾಸ್ಟ್ ಕಟ್ಟಿದರು. ಬಾಸ್ ಗಿಟಾರ್ ಹಿಡಿದಿದ್ದ ಐನ್ ಇನ್ನೂ ಹದಿಹರೆಯದವನು. ಅದೇ ವರ್ಷ 'ಮಾರ್ಬಿಡ್ ಟೇಲ್ಸ್' ಹೊರಬಂತು.

ಹೆಸರಿಲ್ಲದ ಆ ಹುಡುಗರು ಚಿತ್ರಕಲಾವಿದ ಎಚ್. ಆರ್. ಗೀಗರ್‌ಗೆ ಕಾಗದ ಬರೆದಿದ್ದರು. 'ಏಲಿಯನ್' ಚಿತ್ರದ ವಿಲಕ್ಷಣ ಜೀವಿಯನ್ನು ರೂಪಿಸಿ ಆಸ್ಕರ್ ಪಡೆದಿದ್ದ ಗೀಗರ್ ಈ ಹುಡುಗರನ್ನು ತಳ್ಳಿಹಾಕಲಿಲ್ಲ. ತನ್ನ ಚಿತ್ರಗಳನ್ನು ಬಳಸಿಕೊಳ್ಳಲು ಬಿಟ್ಟ. 1985ರ 'ಟು ಮೆಗಾ ಥೀರಿಯನ್' ಆಲ್ಬಮ್ಮಿನ ಮುಖಪುಟಕ್ಕೆ ಬಂದದ್ದು ಅವನ ಚಿತ್ರವೇ. ಮುಂದೆ ಫಿಷರ್ ಅವನ ಸಹಾಯಕನಾಗಿ ದುಡಿದ. ಗೀಗರ್ ಅಂದು ತೋರಿದ ಔದಾರ್ಯ ನನಗೆ ಈ ಕತೆಯ ಅತ್ಯಂತ ಪ್ರೀತಿಯ ಭಾಗ. ಆ ಆಲ್ಬಮ್ಮಿನ ಮೊದಲ ತುಣುಕಿನಲ್ಲೇ ಫ್ರೆಂಚ್ ಹಾರ್ನ್ ಮೊಳಗುತ್ತದೆ. ಮೆಟಲ್ ಸಂಗೀತಕ್ಕೆ ಅಂಥ ಗಾಂಭೀರ್ಯ ಆಗ ಹೊಸದು.

1987ರ 'ಇನ್‌ಟು ದಿ ಪ್ಯಾಂಡಮೋನಿಯಮ್' ಇನ್ನೂ ದೂರ ಹೋಯಿತು. ಮುಖಪುಟದಲ್ಲಿ ಹಿರಾನಿಮಸ್ ಬಾಷ್ ಬಿಡಿಸಿದ ನರಕ. ಒಳಗೆ ತಂತಿವಾದ್ಯಗಳು, ಹೆಣ್ಣು ದನಿ, ಯಂತ್ರದ ತಾಳ. ಲಂಕೇಶರು ಕನ್ನಡಕ್ಕೆ ತಂದ ಫ್ರೆಂಚ್ ಕವಿ ಬೋದಿಲೇರ್ ಇಲ್ಲೂ ಇದ್ದಾನೆ. ಚಂದ್ರನ ವಿಷಾದವನ್ನು ಕುರಿತ ಅವನ ಕವಿತೆಯೊಂದನ್ನು ಫ್ರೆಂಚಿನಲ್ಲೇ ಹಾಡಿಸಿದ್ದಾರೆ. ಇದೇ ಆಲ್ಬಮ್ಮಿನಲ್ಲಿ 'ರೆಕ್ಸ್ ಇರೇ' ಎಂಬ ರಚನೆಯಿದೆ. ಸತ್ತವರಿಗಾಗಿ ಹಾಡುವ ಕ್ರೈಸ್ತ ಪ್ರಾರ್ಥನಾ ಸಂಗೀತವಾದ ರಿಕ್ವಿಯಮ್ಮಿನ ಮಾದರಿಯಲ್ಲಿ ಮೂರು ಭಾಗದ ಕೃತಿ ರಚಿಸಬೇಕೆಂಬುದು ಅವರ ಆಸೆ. 'ರೆಕ್ಸ್ ಇರೇ' ಅದರ ಮೊದಲ ಭಾಗ.

ಉಳಿದೆರಡು ಭಾಗ ಸದ್ಯಕ್ಕೆ ಬರಲಿಲ್ಲ. ಧ್ವನಿಮುದ್ರಣ ಕಂಪನಿಯೊಡನೆ ಜಗಳ, ತಂಡದೊಳಗೆ ಬಿರುಕು. ಐನ್ ಇಲ್ಲದೆ 1988ರಲ್ಲಿ ಬಂದ 'ಕೋಲ್ಡ್ ಲೇಕ್' ಥಳಕಿನ ಹಾದಿ ಹಿಡಿಯಿತು. ಫಿಷರ್ ಅದನ್ನು ಇಂದಿಗೂ ಒಪ್ಪುವುದಿಲ್ಲ. 1990ರಲ್ಲಿ ಇನ್ನೊಂದು ಆಲ್ಬಂ ಬಂತು. 1993ರ ಹೊತ್ತಿಗೆ ತಂಡವೇ ಇರಲಿಲ್ಲ.

2001ರಲ್ಲಿ ಫಿಷರ್ ಮತ್ತು ಐನ್ ಮತ್ತೆ ಒಂದಾದರು. ಯಾರ ಅವಸರಕ್ಕೂ ಮಣಿಯದೆ, ತಮ್ಮದೇ ಹಣ ಹಾಕಿ, ವರ್ಷಗಟ್ಟಲೆ ಕೂತು ಮಾಡಿದ 'ಮೊನೊಥೀಸ್ಟ್' 2006ರಲ್ಲಿ ಬಂತು. ನಿಧಾನ, ಭಾರ, ಕತ್ತಲು. ಕೊನೆಯಲ್ಲಿ ಗಿಟಾರು, ಡ್ರಮ್ಮು ಎಲ್ಲ ನಿಂತು ತಂತಿವಾದ್ಯಗಳಷ್ಟೇ ಉಳಿಯುತ್ತವೆ. ಅದು 'ವಿಂಟರ್', ರಿಕ್ವಿಯಮ್ಮಿನ ಮೂರನೆಯ ಭಾಗ. ಆರಂಭ ಸಿಕ್ಕಿತ್ತು, ಅಂತ್ಯವೂ ಸಿಕ್ಕಿತು. ನಡುವಿನದು ಮಾತ್ರ ಬಾಕಿ.

2008ರಲ್ಲಿ ಫಿಷರ್ ಹೊರನಡೆದು ಟ್ರಿಪ್ಟಿಕಾನ್ ಎಂಬ ಹೊಸ ತಂಡ ಕಟ್ಟಿದ. 2014ರಲ್ಲಿ ಗೀಗರ್ ತೀರಿಕೊಂಡ. 2017ರ ಅಕ್ಟೋಬರಿನಲ್ಲಿ ಐನ್ ಹೃದಯಾಘಾತದಿಂದ ಸತ್ತ, ಐವತ್ತೇ ವರ್ಷ. ಮುಂದಿನ ಕೆಲಸಕ್ಕೆ ಉಳಿದವನು ಫಿಷರ್ ಒಬ್ಬನೇ.

2019ರಲ್ಲಿ ನೆದರ್ಲೆಂಡ್ಸಿನ ಟಿಲ್ಬರ್ಗ್‌ನಲ್ಲಿ ನಡೆಯುವ ರೋಡ್‌ಬರ್ನ್ ಉತ್ಸವದಲ್ಲಿ ಅವನು ಟ್ರಿಪ್ಟಿಕಾನ್ ಮತ್ತು ಮೆಟ್ರೊಪೋಲ್ ಆರ್ಕೆಸ್ಟ್ರಾದ ಜೊತೆ ಪೂರ್ಣ ರಿಕ್ವಿಯಮ್ಮನ್ನು ನುಡಿಸಿದ. ಮೊದಲು 1987ರ ಭಾಗ, ಕೊನೆಗೆ 2006ರ ಭಾಗ, ನಡುವೆ ಹೊಸದಾಗಿ ಬರೆದ 'ಗ್ರೇವ್ ಇಟರ್ನಲ್'. ಅರ್ಧ ಗಂಟೆಗೂ ಮೀರಿದ ಈ ನಡುಭಾಗ ಉಳಿದೆರಡನ್ನೂ ಕೂಡಿಸಿದರೂ ಅವಕ್ಕಿಂತ ದೊಡ್ಡದು. ಇಲ್ಲಿ ಯಾವ ಸ್ವರಕ್ಕೂ ಆತುರವಿಲ್ಲ. ಗಿಟಾರು ದೂರದಿಂದ ನಡೆದು ಬರುತ್ತದೆ, ಹೆಣ್ಣು ದನಿಯೊಂದು ಅದರ ಜೊತೆ ಹೆಜ್ಜೆ ಹಾಕುತ್ತದೆ, ವಾದ್ಯವೃಂದ ಇಬ್ಬರಿಗೂ ಜಾಗ ಬಿಟ್ಟು ಕಾಯುತ್ತದೆ.

ಮೊದಲ ಭಾಗ ಬರೆದ ಯುವಕನ ಕೈಯಲ್ಲಿ ಈ ನಡುಭಾಗ ಆಗುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಸಾವಿನ ಬಗ್ಗೆ ಅವನಿಗೆ ಆಗ ಇದ್ದದ್ದು ಕಲ್ಪನೆ; ಐವತ್ತು ದಾಟಿದ ಮೇಲೆ ಇದ್ದದ್ದು ಗುರುವನ್ನೂ ಗೆಳೆಯನನ್ನೂ ಕಳೆದುಕೊಂಡ ಅನುಭವ. ಜಗಳ, ದಾರಿತಪ್ಪಿದ ಆಲ್ಬಂ, ಮೌನದ ವರ್ಷಗಳು, ಇವೆಲ್ಲ ಆ ಕೃತಿಗೆ ಬೇಕಾಗಿದ್ದ ಕಾಲವೇ ಆಗಿದ್ದವು. ತಡವಾಯಿತೆಂದು ಅರ್ಧಕ್ಕೆ ಬಿಟ್ಟ ಕೆಲಸ ಯಾರ ಬಳಿಯಾದರೂ ಇದ್ದರೆ, ಈ ಮೂರು ಭಾಗಗಳನ್ನು ಒಟ್ಟಿಗೆ ಕೇಳಿ, ಮರುದಿನ ಅದನ್ನು ಮತ್ತೆ ಕೈಗೆತ್ತಿಕೊಳ್ಳಲಿ.